ಜೋಡಿ ಕೊಳವೆಯ ಮೋಹ

ನಮ್ಮ ನುಡಿಯಲ್ಲಿ 'ಜೋಡಿ' ಎಂಬ ಮಾತಿಗೆ ಸಲ್ಲುವ ಮರ್ಯಾದೆ 'ಒಂಟಿ' ಎಂಬ ಮಾತಿಗೆ ಸಲ್ಲುವುದಿಲ್ಲ. ಜೋಡೆತ್ತಿನ ಆರಂಬಗಾರನೆಂದರೆ ಊರಿನಲ್ಲಿ ನಾಲ್ಕು ಜನ ನಿಂತು ಮಾತಾಡಿಸುತ್ತಾರೆ. ಒಂಟೆತ್ತಿನವನು ಮುಯ್ಯಿಗೆ ಇನ್ನೊಂದು ಎತ್ತನ್ನು ಹುಡುಕಿಕೊಂಡು ತಿರುಗಬೇಕು. ದೇವರ ಮುಂದೆ ಹಚ್ಚುವುದು ಜೋಡಿ ದೀಪ. ಹೊರಡುವ ಹೊತ್ತಿಗೆ ಬಂದ ಒಂಟಿ ಸೀನು ಮಾತ್ರ ಅಪಶಕುನ. ಎರಡಿದ್ದರೆ ಸಮೃದ್ಧಿ, ಒಂದಿದ್ದರೆ ಕೊರತೆ ಎಂಬ ಈ ಎಣಿಕೆ ಎತ್ತಿನ ಗಾಡಿಯಿಂದಿಳಿದು ಲಾರಿಯನ್ನೇರಿದ ಮೇಲೂ ನಮ್ಮನ್ನು ಬಿಟ್ಟಿಲ್ಲ. ಹಳೆಯ ಲಾರಿಯೊಂದರ ಹೊಗೆಕೊಳವೆ ತುಕ್ಕು ಹಿಡಿದು ಉದುರಿದಾಗ, ಅದರ ಜಾಗಕ್ಕೆ ಒಂದನ್ನು ಹಾಕಿಸುವುದೋ, ಎರಡನ್ನು ಹಾಕಿಸುವುದೋ ಎಂಬ ಪ್ರಶ್ನೆ ಹುಟ್ಟುವುದು ಈ ಮನೋಧರ್ಮದಿಂದಲೇ.

ಸಾಹಿತ್ಯದ ಪುಟದಲ್ಲಿ ಲಾರಿಯ ಕೊಳವೆಗೇನು ಕೆಲಸ ಎಂದು ಓದುಗರು ಹುಬ್ಬೇರಿಸಬಹುದು. ಅಲಂಕಾರವೆಲ್ಲಿ ಮುಗಿಯುತ್ತದೆ, ಆವಶ್ಯಕತೆಯೆಲ್ಲಿ ಮೊದಲಾಗುತ್ತದೆ ಎಂಬ ವಿಚಾರ ಕಾವ್ಯಕ್ಕೆ ಮಾತ್ರ ಸೇರಿದ್ದಲ್ಲ. ಗ್ಯಾರೇಜಿನಲ್ಲಿ ಅದಕ್ಕೆ ಉತ್ತರ ತಪ್ಪಿದರೆ ವಿಮರ್ಶಕರು ಮುನಿಯುವುದಿಲ್ಲ. ಆದರೆ ಸಾಲ ಮಾಡಿ ಗಾಡಿ ಓಡಿಸುವವನೊಬ್ಬನ ತಿಂಗಳ ಗಳಿಕೆ ಹೋಗುತ್ತದೆ.

ಮೈಸೂರಿನಿಂದ ಪಶ್ಚಿಮಕ್ಕೆ ಹೊರಟ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಬೈಲಕುಪ್ಪೆಯನ್ನು ಮುಟ್ಟಿ, ಕಾವೇರಿಯನ್ನು ದಾಟಿ ಕೊಡಗನ್ನು ಸೇರುತ್ತದೆ. ಈ ದಾರಿ ಹೊರೆಯ ದಾರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರು ಅಮೃತಮಹಲ್ ದನಗಳ ನೆಲೆಯಾಗಿತ್ತು. ಸೇನೆಗೆ ಬಂಡಿಗಳನ್ನು ಕಟ್ಟಿಕೊಡುತ್ತಿದ್ದ ಊರೂ ಅದೇ. ಬಂಡಿಯ ಕಾಲ ಹೋಗಿ ಲಾರಿಯ ಕಾಲ ಬಂದರೂ ಹೊರೆ ತಪ್ಪಲಿಲ್ಲ. ಹುಣಸೂರಿನ ಮರದ ದಿಮ್ಮಿ, ಪಿರಿಯಾಪಟ್ಟಣದ ಹೊಗೆಸೊಪ್ಪು, ಎಚ್.ಡಿ. ಕೋಟೆಯ ಹತ್ತಿ ಮತ್ತು ಶುಂಠಿ, ಕೆ.ಆರ್. ನಗರದ ಭತ್ತ, ೧೯೬೦ರ ದಶಕದ ಆರಂಭದಲ್ಲಿ ಬೈಲಕುಪ್ಪೆಯ ಕಾಡುನೆಲವನ್ನು ಹಸನುಮಾಡಿಕೊಂಡು ನೆಲೆಸಿದ ಟಿಬೆಟನ್ನರ ಮುಸುಕಿನ ಜೋಳ, ಇವೆಲ್ಲ ಲಾರಿಯ ಬೆನ್ನನ್ನೇರಲೇಬೇಕು. ಇವನ್ನು ಹೊರುವ ಗಾಡಿಗಳಲ್ಲಿ ಹೊಸವೂ ಇವೆ. ಎರಡು ಕೈ, ಮೂರು ಕೈ ಬದಲಾದ ಹಳೆಯವೂ ಉಂಟು. ಅಂಥ ಹಳೆಯ ಗಾಡಿಯ ಮಾಲೀಕ ಸಾಮಾನ್ಯವಾಗಿ ತಾನೇ ಚಾಲಕ. ಎಷ್ಟೋ ವೇಳೆ ತಾನೇ ಹಮಾಲಿ.

ಗ್ಯಾರೇಜಿನ ಮಾತು ಹೀಗೆ ನಡೆಯುತ್ತದೆ:

"ಅಣ್ಣಾ, ಹೆಂಗೂ ಸೈಲೆನ್ಸರ್ ಹೋಗ್ಯದೆ. ಇದೇ ಕೈಲಿ ಎರಡು ಮಾಡ್ಸಿಬುಡಿ. ಗಾಡಿ ಉಸಿರು ಬುಟ್ಟು ಎಳೀತದೆ."

"ಡೀಸೆಲ್ ಉಳೀತದಾ?"

"ಉಳೀದೆ ಏನು! ಉಸಿರು ಕಟ್ಟಿದ್ರೆ ಎತ್ತೂ ಎಳೆಯಾಕಿಲ್ಲ, ಲಾರಿನೂ ಎಳೆಯಾಕಿಲ್ಲ."

ಉಪಮೆ ಸುಂದರವಾಗಿದೆ, ಅರ್ಧದಷ್ಟು ಸತ್ಯವೂ ಆಗಿದೆ. ಎಂಜಿನು ನಿಜವಾಗಿಯೂ ಉಸಿರಾಡುವ ಯಂತ್ರ. ಸಿಲಿಂಡರಿನೊಳಗೆ ಕೊಂತ, ಎಂದರೆ ಪಿಸ್ಟನ್, ನಾಲ್ಕು ಬಾರಿ ಚಲಿಸುತ್ತದೆ. ಮೊದಲ ಬಾರಿ ಗಾಳಿಯನ್ನೆಳೆದುಕೊಳ್ಳುತ್ತದೆ. ಎರಡನೆಯ ಬಾರಿ ಅದನ್ನು ಒತ್ತುತ್ತದೆ. ಒತ್ತಿದ ಗಾಳಿಯ ಕಾವಿಗೆ ಡೀಸೆಲ್ ಹೊತ್ತಿಕೊಂಡಾಗ ಮೂರನೆಯ ಬಾರಿ ಕೆಳಗೆ ತಳ್ಳಿಸಿಕೊಳ್ಳುತ್ತದೆ. ನಾಲ್ಕನೆಯ ಬಾರಿ ಉರಿದುಳಿದ ಹೊಗೆಯನ್ನು ಹೊರದೂಡುತ್ತದೆ. ಹೊಗೆ ಹೋಗುವ ದಾರಿ ಇಕ್ಕಟ್ಟಾದರೆ ಈ ನಾಲ್ಕನೆಯ ಓಟದಲ್ಲಿ ಎಂಜಿನಿನ ಶಕ್ತಿ ತನ್ನ ಹೊಗೆಯನ್ನೇ ನೂಕುವುದಕ್ಕೆ ವ್ಯಯವಾಗುತ್ತದೆ. ಇದಕ್ಕೆ ಎದುರೊತ್ತಡವೆಂದು ಹೆಸರು. 'ಎಂಜಿನಿಗೆ ಸ್ವಲ್ಪ ಎದುರೊತ್ತಡ ಬೇಕು' ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುವುದುಂಟು. ಬೇಕಾದದ್ದು ಒತ್ತಡವಲ್ಲ, ವೇಗ. ಹೊಗೆ ಕೊಳವೆಯಲ್ಲಿ ಅಲೆಅಲೆಯಾಗಿ ಓಡುತ್ತದೆ. ಮುಂದೆ ಹೋದ ಅಲೆ ತನ್ನ ಬೆನ್ನ ಹಿಂದೆ ಕೊಂಚ ತೆರಪು ಬಿಟ್ಟು ಹಿಂದಿನದನ್ನು ಸೆಳೆದುಕೊಳ್ಳುತ್ತದೆ. ಕೊಳವೆ ಅತಿ ಕಿರಿದಾದರೆ ಅಲೆ ತಡೆಯುತ್ತದೆ, ಅತಿ ಹಿರಿದಾದರೆ ಸೊರಗುತ್ತದೆ.

ಉಸಿರಿನ ಪ್ರಮಾಣವೆಷ್ಟು? ಟಾಟಾ ಲಾರಿಗಳಲ್ಲಿ ದೀರ್ಘಕಾಲ ದುಡಿದ ೬೯೭ ಎಂಬ ಎಂಜಿನನ್ನು ನೋಡೋಣ. ಅದರ ಹೆಸರಿನಲ್ಲಿಯೇ ಅದರ ಲಕ್ಷಣವಿದೆ: ಆರು ಸಿಲಿಂಡರುಗಳು, ಒಂದೊಂದರ ವ್ಯಾಸ ೯೭ ಮಿಲಿಮೀಟರು. ಓಟ ೧೨೮ ಮಿಲಿಮೀಟರು. ಆರರ ಒಟ್ಟು ಗಾತ್ರ ಸುಮಾರು ೫.೭ ಲೀಟರು. ನಿಮಿಷಕ್ಕೆ ೨,೪೦೦ ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಉಸಿರು ಬಿಡುತ್ತದೆ. ಅಂದರೆ ನಿಮಿಷಕ್ಕೆ ಹೆಚ್ಚೆಂದರೆ ೬,೮೦೦ ಲೀಟರಿನಷ್ಟು ಗಾಳಿ ಒಳಗೆ ಹೋಗುತ್ತದೆ. ಕಾದು ಹಿಗ್ಗಿ ಅದರ ಇಮ್ಮಡಿಗೂ ಮೀರಿದ ಹೊಗೆಯಾಗಿ ಹೊರಗೆ ಬರುತ್ತದೆ. ಇಷ್ಟನ್ನು ಸಾಗಿಸಲು ದಾರಿ ಸಾಲದೆ ಹೋದರೆ ತೊಂದರೆ ನಿಶ್ಚಯ. ಆದರೆ ದಾರಿ ಸಾಲದಿದ್ದರೆ ಅಗಲ ಮಾಡಬೇಕೋ, ಪಕ್ಕದಲ್ಲಿ ಇನ್ನೊಂದನ್ನು ಹಾಕಬೇಕೋ?

ಇಲ್ಲಿ ಮೇಸ್ತ್ರಿಯ ಎತ್ತನ್ನೇ ಮತ್ತೆ ಕರೆಯಬೇಕಾಗುತ್ತದೆ. ಎತ್ತಿನ ಮೂಗಿಗೆ ಹೊಳ್ಳೆಗಳು ಎರಡು, ಶ್ವಾಸನಾಳ ಒಂದೇ. ಗಂಟಲಲ್ಲಿ ತಡೆಯಿದ್ದರೆ ಮೂರನೆಯ ಹೊಳ್ಳೆ ಕೊರೆದು ಫಲವಿಲ್ಲ. ನಮ್ಮ ರಸ್ತೆಯ ಹಳೆಯ ಲಾರಿಗಳ ಅಂಗರಚನೆಯೂ ಹೀಗೆಯೇ. ೧೯೫೪ರಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಒಪ್ಪಂದದಿಂದ ಜಮ್ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. ಒಪ್ಪಂದ ೧೯೬೯ರಲ್ಲಿ ಮುಗಿದರೂ 'ಬೆಂಜ್ ಲಾರಿ' ಎಂಬ ಹೆಸರು ಜನರ ಬಾಯಲ್ಲಿ ಬಹುಕಾಲ ಉಳಿಯಿತು. ಆ ಲಾರಿಯ ಸಿಲಿಂಡರುಗಳು ಊಟದ ಪಂಕ್ತಿಯಂತೆ ಒಂದೇ ಸಾಲಿನಲ್ಲಿ ಕುಳಿತವು. ೧೯೫೫ರಲ್ಲಿ ಆ ಹೆಸರು ಪಡೆದ ಅಶೋಕ್ ಲೇಲ್ಯಾಂಡಿನ ಹಳೆಯ ಲಾರಿಗಳದೂ ಸಾಲಿನ ಎಂಜಿನೇ. ೧೯೮೬ರಲ್ಲಿ ಬಂದು ಹಳ್ಳಿಹಳ್ಳಿಯನ್ನೂ ಹೊಕ್ಕ ಟಾಟಾ ೪೦೭ರದು ನಾಲ್ಕು ಸಿಲಿಂಡರುಗಳ ಸಾಲು. ಒಂದೇ ಸಾಲು, ಒಂದೇ ಮಗ್ಗುಲಲ್ಲಿ ಹೊಗೆಯ ಬಾಯಿಗಳು, ಅವುಗಳನ್ನೆಲ್ಲ ಕೂಡಿಸುವ ಒಂದೇ ಮ್ಯಾನಿಫೋಲ್ಡು, ಅದರಿಂದ ಹೊರಬರುವುದು ಒಂದೇ ದಾರಿ. ಆ ದಾರಿಯನ್ನು ಛಾಸಿಯ ನಡುವೆ ಕವಲೊಡೆಸಿ ಎರಡು ಕೊಳವೆ ಮಾಡಿದರೆ, ಕವಲಿನ ಹಿಂದಿನ ಇಕ್ಕಟ್ಟು ಇದ್ದಲ್ಲಿಯೇ ಇರುತ್ತದೆ.

ಹಾಗಾದರೆ ಜೋಡಿ ಕೊಳವೆ ಹುಟ್ಟಿದ್ದೆಲ್ಲಿ? ಸಿಲಿಂಡರುಗಳು ಎರಡು ಸಾಲಾಗಿ ಓರೆಯಾಗಿ ಎದುರುಬದುರು ನಿಂತ ಎಂಜಿನುಗಳಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆ ವಿಲೇವಾರಿ ಮಾಡಿದ ಲಾರಿಗಳು ಮಲೆನಾಡಿಗೂ ಕೊಡಗಿಗೂ ಬಂದು, ಕಾಡಿನ ದಿಮ್ಮಿಗಳನ್ನೆಳೆಯುತ್ತ ದಶಕಗಟ್ಟಲೆ ಬದುಕಿದವು. ಯುದ್ಧಕಾಲದ ಫೋರ್ಡ್ ಲಾರಿಗಳಲ್ಲಿ ಇಂಗ್ಲಿಷಿನ 'ವಿ' ಅಕ್ಷರದಂತೆ ಎರಡು ಸಾಲಾಗಿ ನಿಂತ ಎಂಟು ಸಿಲಿಂಡರುಗಳ ಪೆಟ್ರೋಲ್ ಎಂಜಿನು ಇರುತ್ತಿತ್ತು. ಅಂಥ ಎಂಜಿನಿಗೆ ಎಡಕ್ಕೊಂದು, ಬಲಕ್ಕೊಂದು ಹೊಗೆಬಾಯಿ. ಒಂದೇ ಕೊಳವೆ ಸಾಕೆಂದರೆ ಒಂದು ಮಗ್ಗುಲಿನ ಹೊಗೆಯನ್ನು ಅಡ್ಡಕೊಳವೆಯಲ್ಲಿ ಇನ್ನೊಂದು ಮಗ್ಗುಲಿಗೆ ಸುತ್ತಿಸಿ ತರಬೇಕು. ಅಲ್ಲಿ ಜೋಡಿ ಕೊಳವೆ ಸಹಜ, ಸರಳ, ಉಪಯುಕ್ತ. ಅಮೆರಿಕದ ಇಂಥ ವಾಹನಗಳ ಹಿಂದೆ ಹೊಳೆಯುವ ಎರಡು ಬಾಯಿಗಳನ್ನು ಚಿತ್ರಗಳಲ್ಲಿ ಕಂಡವರು ಕಾರಣವನ್ನು ಬಿಟ್ಟು ಕಾರ್ಯವನ್ನು ಮಾತ್ರ ಎತ್ತಿಕೊಂಡರು.

ಲೆಕ್ಕದ ಭಾಷೆಯಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಇಷ್ಟೇ ಹೊಗೆ ಹರಿಯುವಾಗ ಕೊಳವೆಯ ಗೋಡೆಯ ತಡೆ ಅದರ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆಂಬುದು ದ್ರವಶಾಸ್ತ್ರದ ನಿಯಮ. ಎರಡೂವರೆ ಇಂಚಿನ ಕೊಳವೆಯ ಬದಲು ಮೂರು ಇಂಚಿನದನ್ನು ಹಾಕಿದರೆ ತಡೆ ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಎರಡೂವರೆ ಇಂಚಿನವೇ ಎರಡನ್ನು ಹಾಕಿದರೆ ನಾಲ್ಕರಲ್ಲಿ ಒಂದು ಪಾಲಿಗೆ. ಆಹಾ, ಜೋಡಿಯೇ ಗೆದ್ದಿತಲ್ಲ ಎನ್ನುವಿರಾ? ಸ್ವಲ್ಪ ತಾಳಬೇಕು. ಮೂರೂಕಾಲು ಇಂಚಿನ ಒಂದೇ ಕೊಳವೆ ಹಾಕಿದರೂ ಫಲ ಹೆಚ್ಚುಕಡಮೆ ಅಷ್ಟೇ. ಅದಕ್ಕೆ ಬೇಕಾದ ತಗಡು ಜೋಡಿಯದರ ಮೂರರಲ್ಲಿ ಎರಡು ಪಾಲು ಮಾತ್ರ. ಸೈಲೆನ್ಸರು ಎರಡರ ಬದಲು ಒಂದು. ಬೆಸುಗೆ, ಹಿಡಿಕೆ, ರಬ್ಬರು ಎಲ್ಲವೂ ಅರ್ಧ. ಮುಂದೆ ತುಕ್ಕು ಹಿಡಿಯುವ ಜಾಗವೂ ಅರ್ಧ.

ತುಕ್ಕಿನ ಮಾತನ್ನು ನಮ್ಮ ಹೊಗೆಸೊಪ್ಪಿನ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಲಗಳ ನಡುವೆ ಎತ್ತರವಾಗಿ ನಿಂತ ಬ್ಯಾರನ್‌ಗಳನ್ನು ನೋಡಿದವರಿಗೆ ಕೊಳವೆಯ ಗುಣ ಗೊತ್ತು. ಒಲೆಯಲ್ಲಿ ಸೌದೆ ಉರಿಯುತ್ತದೆ. ಅದರ ಹೊಗೆ ದಪ್ಪ ತಗಡಿನ ಕೊಳವೆಗಳಲ್ಲಿ ಬ್ಯಾರನಿನ ನೆಲವನ್ನು ಬಳಸಿ, ಎಲೆಗೆ ಸೋಕದೆ ಕಾವನ್ನು ಮಾತ್ರ ಕೊಟ್ಟು, ಚಿಮಣಿಯಿಂದ ಹೊರಬೀಳುತ್ತದೆ. ಒಂದು ಒಲೆಯ ಬೆಂಕಿಯನ್ನು ಎರಡು ಕವಲಿಗೆ ಹಂಚಿದಾಗ, ಎರಡೂ ಸಮನಾಗಿಲ್ಲದಿದ್ದರೆ ಹೊಗೆ ಸುಲಭವಾದ ಹಾದಿಯನ್ನೇ ಹಿಡಿಯುತ್ತದೆ; ಇನ್ನೊಂದು ಬದಿ ತಣ್ಣಗಿರುತ್ತದೆ. ಬ್ಯಾರನಿನಲ್ಲಿ ಹೊಗೆ ತನ್ನ ಕಾವನ್ನು ಒಳಗೆ ಬಿಟ್ಟುಹೋಗಬೇಕು, ಲಾರಿಯಲ್ಲಿ ಹೊತ್ತುಕೊಂಡೇ ಹೋಗಬೇಕು ಎಂಬುದಷ್ಟೇ ಭೇದ. ಲಾರಿಯ ಕವಲುಗಳಲ್ಲಿ ಒಂದು ಉದ್ದವಾಗಿ ಇನ್ನೊಂದು ಗಿಡ್ಡವಾಗಿದ್ದರೆ, ಉದ್ದದ್ದರಲ್ಲಿ ಹೊಗೆ ಮಂದವಾಗಿ ಹರಿದು ತಣಿಯುತ್ತದೆ. ತಣಿದ ಹೊಗೆಯ ನೀರಾವಿ ಗೋಡೆಯ ಮೇಲೆ ಬೆವರಾಗಿ ಕೂಡುತ್ತದೆ, ಅದಕ್ಕೆ ಮಸಿ ಸೇರುತ್ತದೆ. ತೂತು ಬೀಳುವುದು ಅಲ್ಲಿಯೇ ಮೊದಲು.

ಸಾಲಿನ ಎಂಜಿನಿಗೆ ಜೋಡಿ ಕೊಳವೆ ಎಂದೂ ಸಲ್ಲದು ಎಂದರೆ ಅದೂ ಅನ್ಯಾಯವಾದೀತು. ಆರು ಸಿಲಿಂಡರುಗಳು ಸಾಮಾನ್ಯವಾಗಿ ಒಂದು, ಐದು, ಮೂರು, ಆರು, ಎರಡು, ನಾಲ್ಕು ಎಂಬ ಸರದಿಯಲ್ಲಿ ಉರಿಯುತ್ತವೆ. ಸೂಕ್ಷ್ಮವಾಗಿ ನೋಡಿ: ಮುಂದಿನ ಮೂರರದೊಂದು, ಹಿಂದಿನ ಮೂರರದೊಂದು, ಕೋಲಾಟದ ಎರಡು ಸಾಲಿನಂತೆ ಸರದಿ ತಪ್ಪದೆ ಬರುತ್ತವೆ. ಆದ್ದರಿಂದ ಮ್ಯಾನಿಫೋಲ್ಡನ್ನೇ ಇಬ್ಭಾಗ ಮಾಡಿ ಮುಂದಿನ ಮೂರಕ್ಕೊಂದು, ಹಿಂದಿನ ಮೂರಕ್ಕೊಂದು ಕೊಳವೆ ಕೊಟ್ಟರೆ ಒಂದರ ಅಲೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಟರ್ಬೋ ಇಲ್ಲದ ಎಂಜಿನಿಗೆ ಇದರಿಂದ ನಿಜವಾದ ಪ್ರಯೋಜನ ಉಂಟು. ಆದರೆ ಇದು ಎಂಜಿನಿನ ಕೊರಳಲ್ಲಿ ನಡೆಯಬೇಕಾದ ಕೆಲಸ. ಬಾಲದಲ್ಲಿ ಕವಲೊಡೆಸಿ ಪಡೆಯುವ ಫಲವಲ್ಲ. ಅದರ ಖರ್ಚೂ ಬೇರೆ, ಅದನ್ನು ಬಲ್ಲ ಕೈಯೂ ಬೇರೆ. ಟರ್ಬೋ ಇರುವ ಗಾಡಿಯಲ್ಲಿ ಹೊಗೆಯೆಲ್ಲ ಒಂದು ಚಕ್ರವನ್ನು ತಿರುಗಿಸಿ ಒಂದೇ ಬಾಯಿಂದ ಹೊರಬರುತ್ತದೆ. ಅಲ್ಲಿಂದ ಮುಂದಕ್ಕೆ ಅಗಲವಾದ ಒಂದೇ ಕೊಳವೆ ಉತ್ತಮ. ೨೦೨೦ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ಆರರ ಲಾರಿಗಳಲ್ಲಂತೂ ಕೊಳವೆಯ ದಾರಿಯಲ್ಲಿಯೇ ಹೊಗೆ ಶುದ್ಧಿಮಾಡುವ ಉಪಕರಣಗಳಿರುವುದರಿಂದ ಅದಕ್ಕೆ ಕತ್ತರಿ ಹಾಕುವ ಪ್ರಶ್ನೆಯೇ ಏಳಬಾರದು.

ಇಷ್ಟಾದರೂ ಜೋಡಿ ಕೊಳವೆ ಹಾಕಿಸಿದವನು 'ಗಾಡಿ ಹಗುರಾಗಿದೆ' ಎಂದು ಪ್ರಮಾಣ ಮಾಡುವುದುಂಟು. ಅವನು ಸುಳ್ಳು ಹೇಳುತ್ತಿಲ್ಲ. ಹಳೆಯ ಸೈಲೆನ್ಸರಿನೊಳಗಿನ ತಗಡು ಮುರಿದು ದಾರಿಗಡ್ಡ ಬಿದ್ದಿರುತ್ತದೆ. ಕೊಳವೆಯ ಬಾಗು ಕಲ್ಲಿಗೆ ತಗುಲಿ ಚಪ್ಪಟೆಯಾಗಿರುತ್ತದೆ. ಅವೆರಡನ್ನೂ ಕಿತ್ತೆಸೆದು ಹೊಸದು ಹಾಕಿದಾಗ ಎಂಜಿನಿನ ಉಸಿರು ತೆರೆಯುತ್ತದೆ. ಆ ಪುಣ್ಯ ಹೊಸತನದ್ದು. ಕೀರ್ತಿ ಮಾತ್ರ ಎರಡನೆಯ ಕೊಳವೆಗೆ. ಒಂದೇ ಹೊಸ ಕೊಳವೆ ಹಾಕಿದ್ದರೂ ಗಾಡಿ ಅಷ್ಟೇ ಹಗುರಾಗುತ್ತಿತ್ತು.

ಕರಿಹೊಗೆ ಬರುತ್ತಿದೆಯೆಂದು ಕೊಳವೆ ಬದಲಿಸುವವರೂ ಉಂಟು. ಕರಿಹೊಗೆಯ ಅರ್ಥ ಗಾಳಿಗೆ ಮೀರಿದ ಡೀಸೆಲ್ ಉರಿಯಲಾರದೆ ಮಸಿಯಾಗುತ್ತಿದೆ ಎಂದು; ನೋಡಬೇಕಾದದ್ದು ಗಾಳಿಯ ಫಿಲ್ಟರನ್ನು, ಇಂಜೆಕ್ಟರುಗಳನ್ನು, ಡೀಸೆಲ್ ಪಂಪನ್ನು. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಾದ ಮೇಲೂ ಬಿಳಿಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ, ಇಲ್ಲವೆ ನೀರು ಒಳಗೆ ಸೇರುತ್ತಿದೆ. ಇವುಗಳಿಗೆ ಕೊಳವೆ ಮದ್ದಲ್ಲ. ಹೊಟ್ಟೆಯ ರೋಗಕ್ಕೆ ಬಾಯಿಗೆ ಬೇಗಡೆ ಹಚ್ಚಿದಂತೆ.

ಹಣದ ಲೆಕ್ಕವನ್ನೂ ಮಾಡಬೇಕು. ಒಂದು ಲಾರಿ ತಿಂಗಳಿಗೆ ೩,೦೦೦ ಕಿಲೋಮೀಟರು ಓಡಿ, ಲೀಟರಿಗೆ ೪ ಕಿಲೋಮೀಟರು ಕೊಡುತ್ತದೆ ಎಂದಿಟ್ಟುಕೊಳ್ಳಿ. ಡೀಸೆಲ್ ೭೫೦ ಲೀಟರಾಯಿತು. ನೂರಕ್ಕೆ ಒಂದು ಪಾಲು ಉಳಿದರೂ ಏಳೂವರೆ ಲೀಟರು. ಆ ಉಳಿತಾಯ ನಿಜವಾಗಿ ಆಗುತ್ತಿದೆಯೇ ಎಂದು ತಿಳಿಯಲು ಹಿಂದೆ ಮೂರು ಟ್ಯಾಂಕಿನ, ಮುಂದೆ ಮೂರು ಟ್ಯಾಂಕಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಬೇಕು. ಹೊರೆಯೂ ದಾರಿಯೂ ಸುಮಾರಾಗಿ ಒಂದೇ ಆಗಿರಬೇಕು. ಕಿವಿಗೆ ಹಗುರೆನಿಸಿದ್ದು ಲೆಕ್ಕದಲ್ಲಿ ಹಗುರಾಗದೆ ಇರಬಹುದು.

ಕಿವಿಯ ಮಾತು ಬಂತು. ಜೋಡಿ ಕೊಳವೆಯ ಮೋಹದ ಬೇರು ಅಲ್ಲಿಯೇ ಇದೆ. ಬೈಲಕುಪ್ಪೆಯ ಟಿಬೆಟನ್ ವಿಹಾರಗಳಲ್ಲಿ ಪೂಜೆಯ ಹೊತ್ತಿಗೆ ಊದುವ ಉದ್ದನೆಯ ಕಹಳೆಗಳು ಸಾಮಾನ್ಯವಾಗಿ ಜೋಡಿಯಾಗಿಯೇ ಇರುತ್ತವೆ. ಒಬ್ಬನು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬನು ನಾದವನ್ನು ಹಿಡಿದು ನಿಲ್ಲಿಸುತ್ತಾನೆ. ಗುಡುಗಿನಂಥ ಆ ಮಂದ್ರಧ್ವನಿ ಕಡಿಯದೆ ಹರಿಯುತ್ತದೆ. ಅಲ್ಲಿ ಜೋಡಿಗೆ ಅರ್ಥವಿದೆ, ಏಕೆಂದರೆ ಅಲ್ಲಿ ನಾದವೇ ಗುರಿ. ಲಾರಿಯ ಕೊಳವೆಗೆ ನಾದ ಗುರಿಯಲ್ಲ. ನಾದವನ್ನು ಅಡಗಿಸುವುದು ಗುರಿ. ಆದರೂ ಎರಡು ಬಾಯಿಂದ ಗುಡುಗಿದಾಗ ಚಾಲಕನ ಎದೆ ಉಬ್ಬುತ್ತದೆ, ಗಾಡಿಗೆ ಬಲ ಬಂತೆಂಬ ಭ್ರಮೆ ಹುಟ್ಟುತ್ತದೆ. ಕೇಳುವವರಿಗೆ ಅದು ಬಲವಲ್ಲ. ಹೆದ್ದಾರಿಯ ಬದಿಯ ಶಾಲೆಯಲ್ಲಿ ಪಾಠ ನಿಲ್ಲುತ್ತದೆ, ತೊಟ್ಟಿಲ ಕೂಸು ಬೆಚ್ಚುತ್ತದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಣ ೧೦೦ ಮೀಟರನ್ನು ನಿಶ್ಶಬ್ದ ವಲಯವೆಂದು ಕರೆದಿವೆ. ಹುಣಸೂರು, ಎಚ್.ಡಿ. ಕೋಟೆಗಳಿಂದ ಮುಂದೆ ನಾಗರಹೊಳೆಯ ಕಾಡಿನೊಳಗೆ ಹಾಯುವ ರಸ್ತೆಗಳಲ್ಲಿ ಫಲಕದ ಅಕ್ಷರ ಓದಲಾರದ ಆನೆಗೂ ಕಾಟಿಗೂ ಕಿವಿಗಳಿವೆ.

ಕಾನೂನಿನ ಕಣ್ಣೂ ಈ ಕಡೆಗಿದೆ. ೧೯೮೮ರ ಮೋಟಾರು ವಾಹನ ಕಾಯಿದೆ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ೧೯೮೯ರ ಕೇಂದ್ರ ನಿಯಮಗಳು ಸೈಲೆನ್ಸರನ್ನು ಕಡ್ಡಾಯಮಾಡಿರುವುದಲ್ಲದೆ, ಹೊಗೆ ನೆಲದತ್ತಲಾಗಲಿ ಎಡಕ್ಕಾಗಲಿ ಬೀಳಬಾರದು, ಹಿಂದಕ್ಕೆ ಇಲ್ಲವೆ ಬಲಕ್ಕೆ ಹೋಗಬೇಕು ಎನ್ನುತ್ತವೆ. ಇದರ ವಿವೇಕ ಸ್ಪಷ್ಟ. ನಮ್ಮಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ನಡೆಯುತ್ತವೆ; ಸೊಪ್ಪಿನ ಹೊರೆ ಹೊತ್ತ ಹೆಂಗಸು, ಶಾಲೆಗೆ ಹೊರಟ ಮಗು, ಸೈಕಲ್ಲಿನ ಮುದುಕ ನಡೆಯುವುದು ಲಾರಿಯ ಎಡಮಗ್ಗುಲಲ್ಲಿ. ಎರಡು ಬದಿಗೂ ಬಾಯಿ ತೆರೆದ ಜೋಡಿಯಲ್ಲಿ ಒಂದು ಬಾಯಿ ಅವರ ಮುಖಕ್ಕೇ ಊದುತ್ತದೆ. ಇಂಧನದ ನಳಿಗೆಯ ೩೫ ಮಿಲಿಮೀಟರಿನೊಳಗೆ ಹೊಗೆಕೊಳವೆ ಬರಕೂಡದೆಂಬ ನಿಯಮವೂ ಉಂಟು; ಎರಡನೆಯ ಕೊಳವೆಗೆ ಜಾಗ ಹುಡುಕುವಾಗ ಡೀಸೆಲ್ ಟ್ಯಾಂಕು, ಬ್ರೇಕಿನ ನಳಿಗೆ, ವಿದ್ಯುತ್ ತಂತಿ, ಒಂದಲ್ಲ ಒಂದು ಅಡ್ಡ ಬಂದೇ ಬರುತ್ತದೆ. ಎಂಟು ವರ್ಷ ದಾಟಿದ ಲಾರಿಗೆ ವರ್ಷಕ್ಕೊಮ್ಮೆ ಎಫ್.ಸಿ. ಆಗಬೇಕು. ಅಲ್ಲಿ ತಿರಸ್ಕೃತವಾದರೆ ಆದ ಖರ್ಚಿನ ಜೊತೆಗೆ ನಿಂತ ಗಾಡಿಯ ದಿನಗೂಲಿಯೂ ನಷ್ಟ.

ಕಾಶ್ಮೀರದ ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ಕಾವ್ಯದ ಜೀವವನ್ನು ಔಚಿತ್ಯದಲ್ಲಿ ಕಂಡನು. ಒಡವೆ ಎಷ್ಟೇ ಬೆಲೆಯುಳ್ಳದ್ದಾದರೂ ಇರಬೇಕಾದ ಅಂಗದಲ್ಲಿದ್ದರೆ ಶೋಭೆ. ನಡುವಿನ ಪಟ್ಟಿ ಕೊರಳಿಗೇರಿದರೆ ನಗೆಪಾಟಲು ಎಂಬುದು ಅವನ ವಿಚಾರದ ಸಾರ. ತರಗತಿಯಲ್ಲಿ ಇದನ್ನು ಪದ್ಯಗಳಿಂದ ವಿವರಿಸುವ ಪದ್ಧತಿಯುಂಟು. ಲಾರಿಯಿಂದಲೂ ವಿವರಿಸಬಹುದು. ಎರಡು ಸಾಲಿನ ಎಂಜಿನಿಗೆ ಜೋಡಿ ಕೊಳವೆ ಅಂಗ. ಒಂದು ಸಾಲಿನದಕ್ಕೆ ಅದು ಅಲಂಕಾರ. ಅದೂ ಹೊರೆಯಾಗುವ ಅಲಂಕಾರ. ವಸ್ತು ಒಂದೇ ಆದರೂ ಅದರ ಸಲ್ಲುವಿಕೆ ಬೇರೆ.

ಆದುದರಿಂದ ಹಳೆಯ ಲಾರಿಯ ಒಡೆಯನು ಮೊದಲು ಬಾನೆಟ್ಟನ್ನೆತ್ತಿ ಹೊಗೆಬಾಯಿಗಳು ಎಷ್ಟು ಮಗ್ಗುಲಲ್ಲಿವೆ ಎಂದು ನೋಡಲಿ. ಒಂದೇ ಮಗ್ಗುಲಾದರೆ ತಯಾರಕರು ಹೇಳಿದ ಅಳತೆಗೆ ಕಡಮೆಯಾಗದ, ಬಾಗಿನಲ್ಲಿ ಚಪ್ಪಟೆಯಾಗದ, ಒಳ್ಳೆಯ ಸೈಲೆನ್ಸರುಳ್ಳ ಒಂದು ಕೊಳವೆಯನ್ನು ಹಾಕಿಸಲಿ. ಗ್ಯಾಸ್ಕೆಟ್ಟು ಸೋರದಂತೆ, ರಬ್ಬರು ಹಿಡಿಕೆಗಳು ಹರಿಯದಂತೆ ನೋಡಿಕೊಳ್ಳಲಿ. ಎರಡನೆಯದಕ್ಕೆಂದು ತೆಗೆದಿಟ್ಟ ಹಣದಲ್ಲಿ ಇಂಜೆಕ್ಟರುಗಳನ್ನು ಪರೀಕ್ಷಿಸಿ, ಗಾಳಿಯ ಫಿಲ್ಟರನ್ನು ಬದಲಾಯಿಸಲಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ; ಎಂಜಿನಿದ್ದಷ್ಟು ಕೊಳವೆ ಚಾಚುವುದೂ ಅದೇ ಬಾಳ್ವೆಯ ಮಾತು. ಕುಶಾಲನಗರ ದಾಟಿ ಮಡಿಕೇರಿಯ ಏರನ್ನು ಹೊರೆಯೊಡನೆ ಹತ್ತುವ ಲಾರಿಗೆ ಬೇಕಾದದ್ದು ತಡೆಯಿಲ್ಲದ ಒಂದು ಉಸಿರು.